ಗೇಟಿನಲ್ಲಿ ನಿಂತ ರೋಸಮ್ಮ

ಭಾನುವಾರ ಚರ್ಚಿನ ಪೂಜೆಗೆ ನಾನು ಎಂದೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ವಾರವೆಲ್ಲ ಕಾರ್ಖಾನೆಯ ಬಸ್ಸನ್ನು ತಪ್ಪದೆ ಹಿಡಿಯುತ್ತಿದ್ದೆ. ದೇವರು ಸಂಬಳ ಹಿಡಿಯುವುದಿಲ್ಲವೆಂಬ ಧೈರ್ಯ ಭಾನುವಾರಕ್ಕಿತ್ತು. ಒಂದು ಕಾಲುಚೀಲ ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ರೋಸಮ್ಮ ತಲೆಯ ಮೇಲೆ ಸೆರಗೆಳೆದು, ಕೊಡೆ ಹಿಡಿದು, ಫ್ರೇಜರ್ ಟೌನಿನ ನಮ್ಮ ಬಾಡಿಗೆ ಮನೆಯ ಗೇಟಿನಲ್ಲಿ ನಿಂತಿರುತ್ತಿದ್ದಳು. “ರೀ, ಆ ಗಂಟೆ ನಿಮಗೂ ಸೇರಿಸೇ ಹೊಡೀತಿರೋದು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುವಳು. “ನೀನು ಹೋಗ್ತಾ ಇರು, ಬರ್ತೀನಿ” ಅಂದರೆ, “ಬಿಟ್ಟು ಹೋದ್ರೆ ನೀವು ಮತ್ತೆ ಮಲಗ್ತೀರಿ” ಎನ್ನುವಳು. ಒಂದು ದಿನವೂ ನನಗಿಂತ ಮುಂದೆ ಹೋಗಲಿಲ್ಲ. ಹೋದ ವರ್ಷ ಜ್ವರದ ನೆಪದಲ್ಲಿ ಹೋಗಿಯೇಬಿಟ್ಟಳು.

ಪೂಜೆ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿ ಅರ್ಥವಾಗದಿರುವುದರ ಒಂದು ನೆಮ್ಮದಿಯಿತ್ತು. ಈಗ ಎಲ್ಲವೂ ಕನ್ನಡ. ಹೋದ ಭಾನುವಾರ ನಮ್ಮ ಪಾದ್ರಿಗಳು ಮೋಕ್ಷದ ಮೇಲೆ ಪ್ರಸಂಗ ಮಾಡಿದರು. ದೇವರು ತನ್ನಲ್ಲೇ ಪರಿಪೂರ್ಣ ಆನಂದ, ಆತನಿಗೆ ಯಾವ ಕೊರತೆಯೂ ಇಲ್ಲ. ರಕ್ಷಣೆ ಹೊಂದಿದವರು ಆತನ ಮುಖ ನೋಡುತ್ತ ಅದೇ ಆನಂದದಲ್ಲಿ ಪಾಲು ಪಡೆಯುತ್ತಾರೆ, ಅವರಿಗೂ ಯಾವ ಕೊರತೆಯೂ ಇಲ್ಲ ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಕೂತ ಬೆಂಚು ಮಾತ್ರ ಅಲುಗಿದಂತಾಯಿತು. ಯಾವ ಕೊರತೆಯೂ ಅಂದರೆ, ನಾನಿಲ್ಲದ ಕೊರತೆಯೂ?

ಪೂಜೆ ಮುಗಿದ ಮೇಲೆ ಹೋಗಿ ಕೇಳಿದೆ. “ಸ್ವಾಮಿ, ಅಲ್ಲಿ ಅವಳಿಗೆ ನನ್ನ ನೆನಪು ಬರಲ್ವಾ?”

“ಬರುತ್ತೆ. ಪ್ರೀತಿನೂ ಇರುತ್ತೆ, ನಿಮಗಾಗಿ ಪ್ರಾರ್ಥನೆನೂ ಮಾಡ್ತಾರೆ. ಸಂಕಟ ಇರಲ್ಲ, ಅಷ್ಟೇ.”

“ಸ್ವಲ್ಪಾನೂ?”

“ಇದೇನ್ರೀ, ಹೆಂಡತಿ ಸಂಕಟಪಡ್ಲಿ ಅಂತೀರಾ?”

“ಅಯ್ಯೋ, ಸಂಕಟ ಬೇಡ ಸ್ವಾಮಿ. ಒಂಚೂರು ಬೇಜಾರು.”

ಅವರು ನಗಲಿಲ್ಲ. ನನ್ನ ಭುಜ ಹಿಡಿದು, “ಅವರಿನ್ನೂ ಆತ್ಮ ಶುದ್ಧಿಯಾಗೋ ಜಾಗದಲ್ಲೇ ಇರಬಹುದು. ಬೇಗ ಸ್ವರ್ಗ ಸೇರಲಿ ಅಂತ ಬೇಡ್ಕೊಳ್ಳಿ” ಎಂದರು. ಮೊಣಕಾಲೂರಿ ಬೇಡಿಕೊಂಡೆ. ‘ಬೇಗ’ ಎಂಬುದೊಂದನ್ನು ಮಾತ್ರ ಬಿಟ್ಟುಬಿಟ್ಟೆ.

ವಾರವೆಲ್ಲ ಯೋಚಿಸಿದೆ. ಸ್ವಾಮಿಗಳು ಹೇಳಿದ್ದು ಸತ್ಯವೇ ಇರಬೇಕು. ಆದರೆ ಅದು ಒಳಗೆ ಹೋದವರ ವಿಷಯ. ರೋಸಮ್ಮನನ್ನು ನಾನು ಬಲ್ಲೆ. ದೇವದೂತರು ಎಷ್ಟು ಕರೆದರೂ ಅವಳು ಸ್ವರ್ಗದ ಗೇಟಿನ ಈಚೆಯೇ ಕೊಡೆ ಊರಿಕೊಂಡು ನಿಂತಿರುತ್ತಾಳೆ. “ಸ್ವಲ್ಪ ಇರಿ, ನಮ್ಮನೆಯವರು ಕಾಲುಚೀಲ ಹುಡುಕ್ತಾ ಇದಾರೆ” ಎನ್ನುತ್ತಿರುತ್ತಾಳೆ.

ಈ ಭಾನುವಾರ ಎಂದಿಗಿಂತ ಮುಂಚೆ ಎಚ್ಚರವಾಯಿತು. ಎರಡು ಕಾಲುಚೀಲಗಳೂ ಒಟ್ಟಿಗೇ ಸಿಕ್ಕವು. ಒಂದನ್ನು ಮತ್ತೆ ಮಂಚದ ಕೆಳಗೆಸೆದು, ಗಂಟೆ ಹೊಡೆಯುವವರೆಗೂ ಹುಡುಕಿದೆ.