ಐನೂರ ಎಂಬತ್ತು ಯೆನ್ನಿನ ಗುಟ್ಟು

ಕಾರ್ಡು ಬಿದ್ದಿದ್ದು ಜೆರಾಕ್ಸ್ ಮಷೀನ್ ಪಕ್ಕ. ಸದ್ದೂ ಆಗ್ಲಿಲ್ಲ. ಆದ್ರೆ ಕಿಶಿಗಾಮಿ ಅಕ್ಕನ ಕಣ್ಣಿಗೆ ಬಿತ್ತಲ್ಲ, ಅಲ್ಲಿಗೆ ನಿಶಿದೆ ಬಾಳಿನ ಫಸ್ಟ್ ಹಾಫ್ ಮುಗೀತು.

ನಿಶಿದೆ ಅಂದ್ರೆ ಒಸಾಕಾದ ಒಂದು ಛತ್ರಿ ಕಂಪನಿ ಗುಮಾಸ್ತ. ಮೂವತ್ತೆಂಟು ವರ್ಷ. ಸಂಬಳ ಸೀದಾ ಹೆಂಡ್ತಿ ಕೈಗೆ. ಅವಳ ಕೈಯಿಂದ ಇವನಿಗೆ ದಿನಕ್ಕೆ ಏಳುನೂರು ಯೆನ್. ಊಟ, ಕಾಫಿ, ಆಸೆ, ಕನಸು ಎಲ್ಲಾ ಅದ್ರಲ್ಲೇ ಮುಗೀಬೇಕು.

ನಮ್ಮ ಒಸಾಕಾ ಜನಕ್ಕೆ ಒಂದು ಚಾಳಿ ಇದೆ. ‘ಬ್ಯಾಗು ಚೆನ್ನಾಗಿದೆ’ ಅಂದ್ರೆ ಥ್ಯಾಂಕ್ಸ್ ಹೇಳಲ್ಲ. ‘ಎಷ್ಟಿರಬಹುದು, ಹೇಳಿ ನೋಡೋಣ’ ಅಂತಾರೆ. ನೀವು ಪಾಪ ಐದು ಸಾವಿರ ಅಂದ್ರೆ ಮುಖ ಸಾವಿರ ಕ್ಯಾಂಡಲ್ ಬಲ್ಬಿನ ಥರ ಹತ್ಕೊಳ್ಳುತ್ತೆ. ‘ಎಂಟುನೂರು!’ ಅಂತ ಇಡೀ ರೈಲಿಗೆ ಕೇಳೋ ಹಾಗೆ ಕೂಗ್ತಾರೆ. ಇಂಥ ಊರಲ್ಲಿ ಏಳು ತಿಂಗಳಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದ ಒಬ್ಬನೇ ಗಂಡಸು ನಿಶಿದೆ.

ಗುಟ್ಟೇನು ಅಂದ್ರೆ ‘ಹಮಾಯು’. ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಹತ್ಸು ಅಜ್ಜಿ ಒಬ್ಳೇ ನಡೆಸೋ ಊಟದಂಗಡಿ. ಎಂಟು ಸ್ಟೂಲು. ಸುಟ್ಟ ಬಂಗಡೆ, ಮಿಸೊ ಸಾರು, ಮೂಲಂಗಿ ಉಪ್ಪಿನಕಾಯಿ, ಸಾಕು ಅಂದ್ರೂ ಬೀಳೋ ಅನ್ನ. ಐನೂರ ಎಂಬತ್ತು ಯೆನ್. ಒಂದು ಊಟಕ್ಕೆ ಒಂದು ಮುದ್ರೆ, ಹತ್ತು ಮುದ್ರೆಗೆ ಒಂದು ಆಮ್ಲೆಟ್ ಪುಕ್ಕಟೆ. ಒಂಬತ್ತು ದಿನ ಕಂಪನಿ ಕೆಲಸದ ಮೇಲೆ ಸೆಂಡಾಯ್‌ಗೆ ಹೋಗಿ ನಿನ್ನೆ ತಾನೇ ವಾಪಸ್ ಬಂದಿದ್ದ. ಕಾರ್ಡಲ್ಲಿ ಒಂಬತ್ತು ಮುದ್ರೆ ಇತ್ತು. ಇವತ್ತು ಹತ್ತನೇದು. ಬೆಳಿಗ್ಗೆಯಿಂದ ಆಮ್ಲೆಟ್ಟು ಕಣ್ಮುಂದೆ ಸ್ಲೋ ಮೋಷನ್ನಲ್ಲಿ ಮಗ್ಗಲು ಬದಲಾಯಿಸ್ತಾ ಇತ್ತು.

“ಲೋ ನಿಶಿದೆ, ಏನೋ ಇದು ಹಮಾಯು?” ಕಿಶಿಗಾಮಿ ಅಕ್ಕ ಕಾರ್ಡನ್ನ ಬೆಳಕಿಗೆ ಹಿಡಿದು ಕೇಳಿದ್ಲು. ಅಕ್ಕ ಆಫೀಸಿನ ಬಿಲ್ಲು, ಬೀರು, ಬಾಯಿ ಮೂರನ್ನೂ ನೋಡ್ಕೊಳ್ಳೋಳು. ಚಿರತೆ ಚುಕ್ಕಿ ಬ್ಯಾಗು. ಅದ್ರಲ್ಲಿ ಎಲ್ರಿಗೂ ಹಂಚೋಕೆ ಪೆಪ್ಪರ್‌ಮೆಂಟು.

“ಏನಿಲ್ಲ ಅಕ್ಕಾ. ದಾರೀಲಿ ಸಿಕ್ತು.”

“ದಾರೀಲಿ ಸಿಕ್ಕಿದ್ದ? ‘ನಿಶಿದೆ-ಸಾನ್, ಹದಿನಾಲ್ಕನೇ ಕಾರ್ಡು’ ಅಂತ ಬರೆದಿದೆ! ಹದಿಮೂರು ಹತ್ಲೆ ನೂರ ಮೂವತ್ತು, ಇಲ್ಲೊಂಬತ್ತು. ನೂರ ಮೂವತ್ತೊಂಬತ್ತು ಊಟ ಒಬ್ನೇ ನುಂಗಿ, ನಮ್ಗೆ ಒಂದು ಮಾತು ಹೇಳಿಲ್ವಲ್ಲೋ ಪಾಪಿ!”

ಆ ಕೂಗು ಕೇಳಿ ಓಮಿನೆ ಸರ್ ಎಂಟ್ರಿ. ಸೆಕ್ಷನ್ ಮುಖ್ಯಸ್ಥರು. ಅವತ್ತು ಟೋಕಿಯೋದಿಂದ ಡೈರೆಕ್ಟರ್ ಶಿನೊದಾ ಬಂದಿದ್ರು. ಅವ್ರ ಮಧ್ಯಾಹ್ನದ ಊಟದ ಉಸ್ತುವಾರಿ ನಿಶಿದೆ ತಲೆ ಮೇಲೇ ಇತ್ತು. ಅವ್ನು ಒಂದು ದೊಡ್ಡ ಹೋಟೆಲಲ್ಲಿ ಮೂರು ಜನಕ್ಕೆ ಟೇಬಲ್ ಹೇಳಿಟ್ಟಿದ್ದ. ಅವ್ರನ್ನ ಅಲ್ಲಿ ಕೂರಿಸಿ, ತಾನು ಹೊಟ್ಟೆನೋವು ಅಂತ ಹಮಾಯುಗೆ ಜಾರೋ ಪ್ಲಾನು.

“ನಾಲ್ಕು ಸಾವಿರದ ಊಟ ಟೋಕಿಯೋದಲ್ಲೂ ಸಿಗುತ್ತಯ್ಯ,” ಅಂದ್ರು ಓಮಿನೆ ಸರ್. “ಒಸಾಕಾ ಅಂದ್ರೆ ಏನು ಅಂತ ಡೈರೆಕ್ಟರಿಗೆ ತೋರಿಸ್ಬೇಕು. ಹೋಟೆಲ್ ಕ್ಯಾನ್ಸಲ್. ನಡಿ ಹಮಾಯುಗೆ.”

ನಿಶಿದೆ ಮನಸ್ಸಲ್ಲೇ ಎಣಿಸ್ದ. ಇವತ್ತು ಇವ್ರು, ನಾಳೆ ಅಕೌಂಟ್ಸ್‌ನೋರು, ನಾಡಿದ್ದು ಇಡೀ ಬಿಲ್ಡಿಂಗು. ಎಂಟು ಸ್ಟೂಲಲ್ಲಿ ಇವನಿಗೆ ಅರ್ಧ ಸ್ಟೂಲೂ ಸಿಗಲ್ಲ.

ಆದ್ರೆ ಅವನ ಹತ್ರ ಒಂದು ಬ್ರಹ್ಮಾಸ್ತ್ರ ಇತ್ತು. “ಸರ್, ಅದು ಗಬ್ಬು ಅಂಗಡಿ. ಅಜ್ಜಿ ಪಾಪ ಅಂತ ಹೋಗ್ತೀನಿ ಅಷ್ಟೆ. ಬೇಕಾದ್ರೆ ಇಲ್ನೋಡಿ,” ಅಂತ ಫೋನಲ್ಲಿ ಹಮಾಯು ಬಗ್ಗೆ ಜನ ಬರೆದಿದ್ದನ್ನ ತೆಗೆದು ತೋರಿಸ್ದ. ನಾಲ್ಕು ಅಭಿಪ್ರಾಯ. ನಾಲ್ಕಕ್ಕೂ ಒಂದೊಂದೇ ಸ್ಟಾರು.

ಕಿಶಿಗಾಮಿ ಅಕ್ಕ ಕನ್ನಡಕ ಏರಿಸಿ, ರೇಡಿಯೋದಲ್ಲಿ ವಾರ್ತೆ ಓದೋ ಗತ್ತಲ್ಲಿ ಶುರು ಹಚ್ಕೊಂಡ್ಲು. “‘ಐನೂರ ಎಂಬತ್ತಕ್ಕೆ ಇಷ್ಟೆಲ್ಲಾ ಕೊಡ್ತಾರೆ ಅಂದ್ರೆ ಮೀನಿಗೇ ಏನೋ ಕಾಯಿಲೆ ಇರ್ಬೇಕು.’ ಬರೆದೋರು ಬೇಸತ್ತ ಬೆಕ್ಕು. ‘ಬೇಡ ಬೇಡ ಅಂದ್ರೂ ಅನ್ನ ಬಡಿಸ್ತಾರೆ. ಆಫೀಸಲ್ಲಿ ನಿದ್ದೆ ತಡೆಯಕ್ಕಾಗಲ್ಲ.’ ಬರೆದೋರು ಇನ್ಮೇಲೆ ಬರಲ್ಲ. ‘ಸ್ಟೂಲು ಕಲ್ಲಿನ ಥರ.’ ಇವ್ರು ನೊಂದ ಸೊಂಟ. ‘ಅಜ್ಜಿ ಬಾಯಿ ಮುಚ್ಚಲ್ಲ. ಬಂದೋರಿಗೆಲ್ಲ ನಿಮ್ಮಮ್ಮನ ಮಂಡಿನೋವು ಹೇಗಿದೆ ಅಂತ ಕೇಳ್ತಾಳೆ.’ ಇವ್ರು ಮೌನಪ್ರಿಯ.”

ನಿಮ್ಗೆ ಗೊತ್ತಾಗಿರ್ಬೇಕು. ಬೆಕ್ಕು, ಸೊಂಟ, ಬರಲ್ಲ, ಮೌನ ಎಲ್ಲಾ ನಿಶಿದೆಯೇ. ಒಂದೇ ಸಿನಿಮಾದಲ್ಲಿ ನಾಲ್ಕು ಪಾತ್ರ. ಅಂಗಡಿ ಮುಂದೆ ಕ್ಯೂ ಬರಬಾರ್ದು ಅಂತ, ಹೊಟ್ಟೆ ತುಂಬಾ ಉಂಡು, ತೇಗ್ತಾ ತೇಗ್ತಾ ಬರೆದಿದ್ದ.

ಅಕ್ಕ ಫೋನು ವಾಪಸ್ ಕೊಟ್ಲು. “ಸರ್, ಇದು ಬೈಗುಳವೋ ಜಾಹೀರಾತೋ? ಅಗ್ಗ ಅಂತ ದೂರು, ಅನ್ನ ಜಾಸ್ತಿ ಅಂತ ದೂರು. ಅಳಿಯನಿಗೆ ಆಸ್ತಿ ಜಾಸ್ತಿ ಅಂತ ಅತ್ತ ಹಾಗಿದೆ. ಹೊರಡಿ ಹೊರಡಿ!”

ನಿಶಿದೆ ಟಾಯ್ಲೆಟ್ಟಿಗೆ ಓಡ್ದ. ಸಿಕ್ಕಿಬಿದ್ರೆ ಕಷ್ಟ ಅಂತ ನಾಲ್ಕೂ ಖಾತೆ ಅಳಿಸಿ ಹಾಕ್ದ. ಇನ್ನು ಪೊಲೀಸ್ ಕಮಿಷನರ್ ಬಂದ್ರೂ ಸಾಕ್ಷಿ ಇಲ್ಲ. ಮುಖ ತೊಳ್ಕೊಂಡು ಹೀರೋ ಥರ ಹೊರಗೆ ಬಂದ.

ಈಗ ಉಳಿದಿದ್ದು ಒಂದೇ ದಾರಿ, ದಾರಿ ತಪ್ಸೋದು. ಮಾರ್ಕೆಟ್ಟಲ್ಲಿ ಎಡಕ್ಕೆ ತಿರುಗ್ದ, ಬಲಕ್ಕೆ ತಿರುಗ್ದ, ಚಪ್ಪಲಿ ಅಂಗಡಿ ಸುತ್ತಿ ಮತ್ತೆ ಎಡಕ್ಕೆ. ಹೊಟ್ಟೆ ಹಸಿದ್ರೆ ಇವ್ರೇ ಸಿಕ್ಕಿದ ಹೋಟೆಲಿಗೆ ನುಗ್ತಾರೆ ಅನ್ನೋ ಲೆಕ್ಕ. ಡೈರೆಕ್ಟರ್ ಶಿನೊದಾ ಬೆವರು ಒರೆಸ್ಕೊಂಡು, “ಒಸಾಕಾ ತುಂಬಾ ದೊಡ್ಡ ಊರು ಅಂತ ಇವತ್ತೇ ಗೊತ್ತಾಗಿದ್ದು,” ಅಂದ್ರು.

ಆಕ್ಟೋಪಸ್ ಪಡ್ಡು ಮಾರೋ ಗೋರೊ ಇವ್ರು ಮೂರನೇ ಸಲ ಎದುರಾದಾಗ ಪಡ್ಡು ತಿರುಗಿಸೋ ಕಡ್ಡಿ ಎತ್ತಿ ಕೂಗ್ದ. “ಏನಣ್ಣ, ನನ್ನಂಗಡಿಗೆ ಪ್ರದಕ್ಷಿಣೆನಾ? ಹರಕೆ ಇತ್ತಾ?”

“ಹಮಾಯು ಹುಡುಕ್ತಿದೀವಪ್ಪ,” ಅಂದ್ಲು ಅಕ್ಕ. ಅಂದು ಸುಮ್ನಾಗಿದ್ರೆ ಸರಿ. ‘ಐನೂರ ಎಂಬತ್ತಕ್ಕೆ’ ಯಿಂದ ‘ಮಂಡಿನೋವು ಹೇಗಿದೆ’ ತನಕ ನಾಲ್ಕೂ ಅಭಿಪ್ರಾಯ ಹೆಸರು ಸಮೇತ ಬಾಯಿಪಾಠ ಒಪ್ಪಿಸಿದ್ಲು. ಗೋರೊ ಬಾಯಿ ತೆರ್ಕೊಂಡು ಕೇಳ್ದ. ಆಮೇಲೆ ಅಕ್ಕ ಕಾರ್ಡು ತಿರುಗಿಸಿದ್ಲು. “ಅಯ್ಯೋ, ಹಿಂದ್ಗಡೆ ನಕ್ಷೇನೇ ಇದೆ! ನಿನ್ ಮನೆ ಕಾಯ, ನಿಶಿದೆ! ಎರಡು ನಿಮಿಷದ ದಾರಿ!”

ಸಂದಿ ತಿರುಗಿದ್ರು. ನಿಶಿದೆ ಅಂಗಡಿ ಹೆಸರನ್ನ ಎರಡು ಸಲ ಓದ್ದ.

ಹಮಾಯು ಮುಂದೆ ಕ್ಯೂ. ಇಪ್ಪತ್ತೈದು ಜನ. ಹೊಸ ನೀಲಿ ಪರದೆ. ಪಕ್ಕದಲ್ಲೊಂದು ಹಲಗೆ, ‘ಬಂಗಡೆ ಊಟ: ೧,೪೮೦ ಯೆನ್. ದಯವಿಟ್ಟು ಮಾತಾಡಬೇಡಿ.’ ಕಿಟಕಿಯಿಂದ ಇಣುಕಿದ್ರೆ ಎಂಟು ಸ್ಟೂಲಿನ ಜಾಗದಲ್ಲಿ ದಿಂಬಿಟ್ಟ ಐದು ಕುರ್ಚಿ. ಪಿಂಗಾಣಿ ಬಟ್ಟಲಲ್ಲಿ ಗುಬ್ಬಚ್ಚಿಗೆ ಹಾಕಿದಷ್ಟು ಅನ್ನ. ತಿನ್ನೋರೆಲ್ಲ ಧ್ಯಾನಕ್ಕೆ ಕೂತೋರ ಥರ ಕಣ್ಮುಚ್ಚಿದ್ರು.

“ಓಹ್,” ಅಂದ್ರು ಡೈರೆಕ್ಟರ್. “ಇದು ಒಳ್ಳೆ ಜಾಗ ಅಂತ ನೋಡಿದ್ರೇ ಗೊತ್ತಾಗುತ್ತೆ.”

ಹತ್ಸು ಅಜ್ಜಿ ಕ್ಯೂ ಎಣಿಸೋಕೆ ಹೊರಗೆ ಬಂದ್ಲು. ನಿಶಿದೆ ಓಡಿಹೋಗಿ ಪಿಸುಗುಟ್ಟಿದ, “ಅಜ್ಜಿ! ಇದೇನಾಗೋಯ್ತು?”

“ಓ ನಿಶಿದೆ-ಸಾನ್, ಬಂದ್ರಾ!” ಅಂದ ಅಜ್ಜಿ, ಪಟ್ಟಂತ ಬಾಯಿಗೆ ಕೈ ಅಡ್ಡ ಇಟ್ಕೊಂಡ್ಲು. ಮಂಡಿನೋವಿನ ಪ್ರಶ್ನೆ ಗಂಟಲ ತನಕ ಬಂದು ವಾಪಸ್ ಹೋಗಿದ್ದು ಕಾಣಿಸ್ತು. ಆಮೇಲೆ ಮೆಲ್ಲಗೆ, “ನೀವು ಊರಲ್ಲಿಲ್ದಾಗ ಪಕ್ಕದ ಟೈಲರ್ ಹೆಂಡ್ತಿ ಫೋನಲ್ಲಿ ನನ್ನ ಅಂಗಡಿ ಬಗ್ಗೆ ಓದಿ ಹೇಳಿದ್ಲು. ಅವತ್ತು ಅಳ್ತಾ ಕೂತಿದ್ದೆ ಕಣ್ರಿ. ನಲವತ್ತು ವರ್ಷ ಇಷ್ಟು ತಪ್ಪು ಮಾಡಿದ್ನಾ ಅಂತ.”

ನಿಶಿದೆಗೆ ಕಿವಿ ಬಿಸಿಯಾಯ್ತು.

“ಮಾರನೇ ದಿನ ಎದ್ದು ಎಲ್ಲಾ ಸರಿ ಮಾಡ್ದೆ. ಅಗ್ಗ ಅಂದ್ರು, ಬೆಲೆ ಏರಿಸ್ದೆ. ಅನ್ನ ಜಾಸ್ತಿ ಅಂದ್ರು, ಅರ್ಧ ಮಾಡ್ದೆ. ಸ್ಟೂಲು ಎಸೆದೆ. ಬಾಯಿ ಮುಚ್ಕೊಂಡೆ. ಯಾರೋ ಟಿವಿಯೋರು ಬಂದು ‘ಮೌನ ಭೋಜನ’ ಅಂತ ತೋರಿಸಿದ್ರು. ಅವತ್ತಿಂದ ಹೀಗೆ!” ಅಜ್ಜಿ ಬಾಗಿಲ ಒಳಗಿನ ಗೋಡೆ ತೋರಿಸಿದ್ಲು. ಗಾಜಿನ ಚೌಕಟ್ಟಲ್ಲಿ ನಾಲ್ಕು ಕಾಗದ. ಬೆಕ್ಕು, ಬರಲ್ಲ, ಸೊಂಟ, ಮೌನ. ಮುಂದೆ ಒಂದು ಹೂವು. “ನನ್ನ ನಾಲ್ಕು ಗುರುಗಳು. ಅವ್ರು ಸಿಕ್ಕಿದ್ರೆ ಜೀವನಪೂರ್ತಿ ಊಟ ಪುಕ್ಕಟೆ ಅಂತ ದೇವ್ರ ಮುಂದೆ ಹೇಳ್ಕೊಂಡಿದೀನಿ. ಇವತ್ತಿನ ತನಕ ಒಬ್ರೂ ಬಂದಿಲ್ಲ.”

ಜೀವನಪೂರ್ತಿ. ಪುಕ್ಕಟೆ.

ನಿಶಿದೆ ಒಳಗೆ ಡಬಲ್ ರೋಲ್ ಫೈಟು ಶುರುವಾಯ್ತು. ‘ಹೇಳೋ, ನಾನೇ ಅಂತ ಹೇಳೋ!’ ಅಂತ ಹೊಟ್ಟೆ. ‘ಹೇಳಿದ್ರೆ ಅಜ್ಜಿನ ಅಳಿಸಿದೋನೂ ನೀನೇ ಅಂತಾಗುತ್ತೆ, ಅದೂ ಡೈರೆಕ್ಟರ್ ಮುಂದೆ,’ ಅಂತ ಮಾನ. ಹೊಟ್ಟೆ ಮಾನದ ಕಾಲರ್ ಹಿಡೀತು. ಮಾನ ಹೊಟ್ಟೆಗೆ ಒದೀತು.

ಇವ್ರಿಬ್ರ ಫೈಟು ಮುಗಿಯೋದ್ರೊಳಗೆ, ಹಿಂದೇನೇ ನಿಂತು ಎಲ್ಲಾ ಕೇಳಿಸ್ಕೊಂಡಿದ್ದ ಚಿರತೆ ಚುಕ್ಕಿ ಬ್ಯಾಗು ಮುಂದೆ ಬಂತು.

“ಅಮ್ಮಾ,” ಕಿಶಿಗಾಮಿ ಅಕ್ಕ ತಲೆ ತಗ್ಗಿಸಿದ್ಲು, ದನಿಯಲ್ಲಿ ನಡುಕ ಬೇರೆ. “ಇನ್ನು ಮುಚ್ಚಿಡೋಕೆ ನನ್ನಿಂದ ಆಗಲ್ಲ. ‘ಇನ್ಮೇಲೆ ಬರಲ್ಲ’ ನಾನೇ. ಬರಲ್ಲ ಅಂದ್ರೂ ಬಂದ್ಬಿಟ್ಟೆ.”

“ಹೌದಾ! ಏನ್ ಬರೆದಿದ್ರಿ?”

“‘ಬೇಡ ಬೇಡ ಅಂದ್ರೂ ಅನ್ನ ಬಡಿಸ್ತಾರೆ. ಆಫೀಸಲ್ಲಿ ನಿದ್ದೆ ತಡೆಯಕ್ಕಾಗಲ್ಲ.’”

“ಗುರುಗಳೇ!” ಅಜ್ಜಿ ಸೊಂಟ ಮಟ್ಟ ಬಾಗಿದ್ಲು. “ಒಳಗೆ ಬನ್ನಿ, ನಿಮ್ಗೆಲ್ಲಿ ಕ್ಯೂ!”

ಓಮಿನೆ ಸರ್ ಒಂದು ಸೆಕೆಂಡ್ ತಡ ಮಾಡ್ಲಿಲ್ಲ. ಸೊಂಟದ ಮೇಲೆ ಕೈ ಇಟ್ಕೊಂಡು ಕುಂಟ್ತಾ ಬಂದ್ರು. “ಆಹ್... ಸ್ಟೂಲು ಕಲ್ಲಿನ ಥರ ಇತ್ತಮ್ಮ. ಇನ್ನೂ ನೋವಿದೆ.”

“ನೊಂದ ಸೊಂಟ! ಬನ್ನಿ, ದಿಂಬು ಹಾಕ್ಸಿದೀನಿ!”

ಡೈರೆಕ್ಟರ್ ಇಂಥ ಮಟ್ಟಕ್ಕೆ ಇಳಿಯಲ್ಲ ಅಂತ ನಿಶಿದೆ ನಂಬಿದ್ದ. ಟೋಕಿಯೋದೋರು, ಮರ್ಯಾದಸ್ಥರು. ಶಿನೊದಾ ಟೈ ಸರಿ ಮಾಡ್ಕೊಂಡ್ರು, ವಿಸಿಟಿಂಗ್ ಕಾರ್ಡ್ ತೆಗೆದ್ರು, ಎರಡೂ ಕೈಯಲ್ಲಿ ಹಿಡಿದು ಅಜ್ಜಿಗೆ ಕೊಟ್ರು. “ತಮ್ಮ ಪರಿಚಯ ಭಾಗ್ಯ. ಬೇಸತ್ತ ಬೆಕ್ಕು.”

ನಾಲ್ಕರಲ್ಲಿ ಮೂರು ಹೋಯ್ತು. ನಿಶಿದೆಯ ಮಾನ ಗಂಟುಮೂಟೆ ಕಟ್ಕೊಂಡು ಜಾಗ ಖಾಲಿ ಮಾಡ್ತು. ಒಂದು ಹೆಜ್ಜೆ ಮುಂದಿಟ್ಟ. “ಅಜ್ಜಿ, ಆ ಮೌನಪ್ರಿಯ...”

“ನಾನೇ!” ಹಿಂದಿಂದ ಗುಡುಗಿದ ಹಾಗೆ ದನಿ. ಪಡ್ಡಿನ ಗೋರೊ! ಇಷ್ಟು ಸುತ್ತಿದೋರು ಏನೋ ಭಾರಿ ಮಾಲೇ ಹುಡುಕ್ತಿರ್ಬೇಕು ಅಂತ ಅಂಗಡಿ ಬಾಗಿಲು ಎಳ್ಕೊಂಡು ಹಿಂದೇನೇ ಬಂದಿದ್ದ. “ಬಂದೋರಿಗೆಲ್ಲ ನಿಮ್ಮಮ್ಮನ ಮಂಡಿನೋವು ಹೇಗಿದೆ ಅಂತ ಕೇಳ್ತೀಯ ಅಂತ ಬರೆದೋನು ನಾನೇ ಅಜ್ಜಿ. ನಂಗೆ ಗಲಾಟೆ ಅಂದ್ರೆ ಆಗಲ್ಲ!” ಅಂತ ಇಡೀ ಸಂದಿಗೆ ಕೇಳೋ ಹಾಗೆ ಕೂಗ್ದ.

“ಸುಳ್ಳು!” ನಿಶಿದೆ ಕಿರುಚಿದ. “ಎಲ್ಲಾ ಸುಳ್ಳು! ನಾಲ್ಕೂ ನಾನೇ! ಬೆಕ್ಕೂ ನಾನೇ, ಸೊಂಟವೂ ನಂದೇ!”

ಕ್ಯೂ ಇಡೀ ತಿರುಗಿ ನೋಡ್ತು. ಯಾರೋ ಹಲಗೆ ಕಡೆ ಬೆರಳು ತೋರಿಸಿದ್ರು. ದಯವಿಟ್ಟು ಮಾತಾಡಬೇಡಿ.

“ಥೂ,” ಅಂದ್ಲು ಕಿಶಿಗಾಮಿ ಅಕ್ಕ ಬಾಗಿಲ ಒಳಗಿಂದ. “ಒಂದು ಊಟಕ್ಕೋಸ್ಕರ ಇಷ್ಟು ಕೆಳಗೆ ಇಳೀತೀಯಾ ಅಂದ್ಕೊಂಡಿರ್ಲಿಲ್ಲ ಕಣೋ.”

ನಿಶಿದೆ ಫೋನು ತೆಗ್ದ. ಸಾಕ್ಷಿ ತೋರ್ಸೋಣ ಅಂತ. ಖಾತೆ ಎಲ್ಲಿದೆ? ಆಫೀಸಿನ ಟಾಯ್ಲೆಟ್ಟಲ್ಲಿ ಹೋಗಿತ್ತಲ್ಲ.

ಹತ್ಸು ಅಜ್ಜಿ ಅವನ ತೋಳು ಮುಟ್ಟಿದ್ಲು. ಮಗನಿಗೆ ಹೇಳೋ ಹಾಗೆ ಹೇಳಿದ್ಲು, “ನಿಶಿದೆ-ಸಾನ್, ನೂರ ಮೂವತ್ತೊಂಬತ್ತು ಊಟ ಮಾಡಿದೀರಿ. ಒಂದು ದಿನ ಆದ್ರೂ ಉಪ್ಪು ಜಾಸ್ತಿ ಆಯ್ತು ಅಂದಿದೀರಾ? ಪ್ರತಿ ಸಲ ‘ಸೂಪರ್ ಅಜ್ಜಿ, ಸೂಪರ್ ಅಜ್ಜಿ.’ ನೀವು ತುಂಬಾ ಒಳ್ಳೇವ್ರು. ನಿಮ್ಮಂಥ ಒಳ್ಳೇವ್ರನ್ನ ನಂಬ್ಕೊಂಡಿದ್ರೆ ನನ್ನಂಗಡಿ ಉದ್ಧಾರ ಆಗ್ತಿರ್ಲಿಲ್ಲ.”

ಆಮೇಲೆ ಕ್ಯೂ ಎಣಿಸಿದ್ಲು. ಗುರುಗಳ ನಾಲ್ಕು ಬಂಗಡೆ ಕಳೆದು ನೋಡಿದ್ರೆ ನಿಶಿದೆಗಿಂತ ಮುಂದೆ ನಿಂತೋನಿಗೇ ಮೀನು ಖಾಲಿ. ಅಜ್ಜಿ ಒಳಗೆ ಹೋಗಿ ಒಂದು ಕೋಲಿನ ಫಲಕ ತಂದು ಅವನ ಕೈಗೆ ಕೊಟ್ಲು. ‘ಕ್ಯೂ ಇಲ್ಲಿಗೆ ಮುಗಿಯಿತು. ಇಂದಿನ ಊಟ ಖಾಲಿ.’

“ಹೇಗೂ ಕ್ಯೂನಲ್ಲಿ ನೀವೇ ಕೊನೇವ್ರು. ಸ್ವಲ್ಪ ಹಿಡ್ಕೊಂಡಿರಿ, ಬಂದೋರಿಗೆ ಹೇಳ್ಬಿಡಿ. ನಿಮ್ಮ ಕಾರ್ಡು... ಅದು ಹಳೇ ಬೆಲೇದು, ಈಗ ನಡೆಯಲ್ಲ.” ಎರಡು ಹೆಜ್ಜೆ ಹೋದೋಳು ತಿರುಗಿದ್ಲು. ಆ ಕಡೆ ಈ ಕಡೆ ನೋಡಿ, ತುಟಿ ಅಲ್ಲಾಡಿಸದೆ, “ಅಮ್ಮನ ಮಂಡಿ ಹೇಗಿದೆ?” ಅಂದ್ಲು.

“ಪರವಾಗಿಲ್ಲ ಅಜ್ಜಿ,” ಅಂದ ನಿಶಿದೆ.

ಕಿಟಕಿ ಒಳಗೆ ಓಮಿನೆ ಸರ್ ಬಂಗಡೆ ಎತ್ತಿ ಹಿಡಿದು ಅವನಿಗೆ ಹೆಬ್ಬೆರಳು ತೋರಿಸಿದ್ರು. ಊಟದ ಖರ್ಚು ಸೊನ್ನೆ! ಡೈರೆಕ್ಟರ್ ಖುಷಿ! ಇನ್ಮೇಲೆ ಪ್ರತಿ ಊಟದ ಉಸ್ತುವಾರಿ ನಿಂದೇ ಕಣಯ್ಯ ಅಂತ ಆ ಹೆಬ್ಬೆರಳು ಹೇಳ್ತಿತ್ತು. ಪಕ್ಕದಲ್ಲಿ ಗೋರೊ ಬಾಯಿ ಚಪ್ಪರಿಸೋ ಸದ್ದು ಗಾಜು ದಾಟಿ ಬರ್ತಿತ್ತು.

ಕೈಯಲ್ಲಿ ಶಾಪಿಂಗ್ ಚೀಲ ಹಿಡಿದ ಒಬ್ಬ ಹೆಂಗಸು ಓಡೋಡಿ ಬಂದು ಫಲಕ ಓದಿದ್ಲು. “ಅಯ್ಯೋ, ಮುಗಿದೋಯ್ತಾ? ಇಷ್ಟು ಜನ ಅಂದ್ರೆ ಊಟ ಭಾರಿ ಇರ್ಬೇಕು ಅಲ್ವಾ? ಕೊಟ್ಟ ದುಡ್ಡಿಗೆ ಮೋಸ ಇಲ್ಲ ತಾನೆ?”

ನಿಶಿದೆ ಹೊಟ್ಟೆ ಗುರ್ ಅಂತು.

“ಗೊತ್ತಿಲ್ಲಮ್ಮ,” ಅಂದ, ಫಲಕಾನ ಇನ್ನೊಂದು ಭುಜಕ್ಕೆ ಬದಲಾಯಿಸ್ಕೊಂಡು. “ತಿನ್ನೋರೆಲ್ಲ ಒಳಗಿದಾರೆ. ನಾನು ಬರೆದೋನು ಅಷ್ಟೆ.”