ನಿಲ್ಲಲೇಬೇಕಾದ ಲಾರಿ

ಕಳಕಪ್ಪ ಸಾಹುಕಾರರ ಲಾರಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಕೊಂಡ ಗಾಡಿ ಅದು. ಗಜೇಂದ್ರಗಡ ಬಿಡುವಾಗ ಹೊಸ ಅಳಿಯನ ಗತ್ತಿನಲ್ಲಿ ಹೊರಡುತ್ತಿತ್ತು. ಬಿಸಿಲೇರಿ, ಸೂಡಿ ದಾಟಿ ಏರು ಹತ್ತಿತೋ, ಬಿಕ್ಕಿ, ಕೆಮ್ಮಿ, ನಿಂತೇ ಬಿಡುತ್ತಿತ್ತು. ಗಿಡದ ನೆರಳಿನಲ್ಲಿ ಸ್ವಲ್ಪ ಹೊತ್ತು ಆರಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ.

ಡ್ರೈವರ್ ದ್ಯಾವಪ್ಪ ಪ್ಲಗ್ಗು ಉಜ್ಜಿದ, ಪೆಟ್ರೋಲು ಸೋಸಿದ, ಕಾರ್ಬೊರೇಟರು ಬಿಚ್ಚಿ ಊದಿದ. ಗದಗಿನ ಮೇಸ್ತ್ರಿಗೆ ತೋರಿಸೋಣವೆಂದರೆ, ಸಂಜೆಯ ತಂಪಿನಲ್ಲಿ ಅಲ್ಲಿ ಮುಟ್ಟಿದ ಗಾಡಿ ಒಮ್ಮೆಯೂ ಬಿಕ್ಕಲಿಲ್ಲ. ಊರಲ್ಲಿ ಇಷ್ಟು ಮಂದಿ ವೈದ್ಯರಿದ್ದಾರೆಂದು ಅವನಿಗೆ ತಿಳಿದದ್ದೇ ಆಗ. ಸೈಕಲ್ ರಿಪೇರಿಯ ಜಂಗ್ಲಿಸಾಬ "ವೈರ್ ಲೂಜ್ ಐತಿ" ಎಂದ. ಸೂಡಿಯ ಚಹಾದಂಗಡಿಯ ಫಕೀರವ್ವ "ಉಷ್ಣ ಆಗೈತಿ" ಎಂದಳು. ಸಾಹುಕಾರರ ಲೆಕ್ಕವೇ ಬೇರೆ.

"ರೋಗ ಗಾಡಿಗಿಲ್ಲಲೇ, ನಿನಗೈತಿ. ಗಿಡದ ನೆಳ್ಳು ಕಂಡ ಕೂಡಲೇ ಗಾಡಿ ನಿಲ್ಲಿಸಿ ಮಲಗತಿ. ಒಂದಿನ ನಾನಽ ಬಂದು ಮಗ್ಗಲಕ ಕುಂದ್ರತೀನಿ. ಅವತ್ತ ಗಾಡಿ ನಿಲ್ಲಲಿಲ್ಲಂದ್ರ ನಿನ್ನ ಕಳ್ಳಾಟ ಖರೇ. ಸೀದಾ ಮನಿಗಿ ನಡಿ!"

ಅಂದಿನಿಂದ ದ್ಯಾವಪ್ಪನಿಗೆ ಅದೇ ಚಿಂತೆ. ಸುತ್ತ ಹತ್ತೂರಿಗೆ ಒಂದೋ ಎರಡೋ ಲಾರಿ. ಈ ನೌಕರಿ ಹೋದರೆ ಕಂಡವರ ಹೊಲದಲ್ಲಿ ಕೂಲಿಯೇ ಗತಿ.

ಆ ದಿನ ಬೇಗನೇ ಬಂತು. ನರಗುಂದಕ್ಕೆ ಶೇಂಗಾ ಚೀಲ ಹೇರಿ ಮುಗಿಯುವಷ್ಟರಲ್ಲಿ ಸಾಹುಕಾರರು ರುಮಾಲು ಸುತ್ತಿಕೊಂಡು ಬಂದು ಮಗ್ಗುಲಲ್ಲಿ ಕುಳಿತರು. ಜೊತೆಗೆ ಗಡ್ಡಕ್ಕೆ ಮದರಂಗಿ ಹಚ್ಚಿದ, ಮಾತು ಕಡಿಮೆಯ ಒಬ್ಬ ದಪ್ಪ ಮನುಷ್ಯ.

"ಇವರು ನರಗುಂದದ ಮೆಹಬೂಬಸುಭಾನಿಯವರು. ನಮ್ಮ ದೋಸ್ತರು" ಎಂದರು ಸಾಹುಕಾರರು.

ತನ್ನ ಕಳ್ಳಾಟ ಹಿಡಿಯಲು ಸಾಕ್ಷಿಯನ್ನೂ ಕರೆತಂದಿದ್ದಾರೆಂದು ದ್ಯಾವಪ್ಪ ಬಗೆದ. ಹುಟ್ಟಿದಾಗಿನಿಂದ ಮೊದಲ ಸಲ, ಗಾಡಿ ಕೆಡಲಪ್ಪಾ ಎಂದು ಕಾಲಕಾಲೇಶ್ವರನಿಗೆ ಕಾಯಿ ಹರಕೆ ಹೊತ್ತ.

ಸೂಡಿಯಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿ, ಇಂಜಿನ್ನಿಗೆ ನೀರು ಹಾಕಲು ಬಾನೆಟ್ಟು ಎತ್ತಿಟ್ಟು, ಒಣಗಿದ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದ. ತಿರುಗಿ ಬರುವಷ್ಟರಲ್ಲಿ ಫಕೀರವ್ವ ಬಾನೆಟ್ಟು ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದಳು.

"ಅಂಜಬ್ಯಾಡ ತಮ್ಮಾ" ಎಂದು ಪಿಸುಗುಟ್ಟಿದಳು. "ಸಾವ್ಕಾರ್ರ ಮುಂದ ನಿನ್ನ ಮಾನ ಹೋಗಾಕ ಬಿಡ್ತೀನೇನು? ಇವತ್ತ ಗಾಡಿ ನಿಲ್ಲಾಂಗಿಲ್ಲ."

"ಅಯ್ಯೋ ಯಕ್ಕಾ, ಏನ ಮಾಡೀದಿ?"

"ಹೊತ್ತಾತು, ಹತ್ತಲೇ!" ಎಂದು ಸಾಹುಕಾರರು ಗದರಿದರು. ಅವನು ಹತ್ತಲೇಬೇಕಾಯಿತು.

ಏರು ಬಂತು. ಲಾರಿ ಬಿಕ್ಕಲಿಲ್ಲ, ಕೆಮ್ಮಲಿಲ್ಲ. ದ್ಯಾವಪ್ಪ ಬೇಕೆಂದೇ ಒಂದು ತಗ್ಗಿಗೆ ಇಳಿಸಿ ಕುಲುಕಿಸಿದ. ಗಾಡಿ ಅದನ್ನೂ ನುಂಗಿಕೊಂಡು ಓಡಿತು.

"ಹ್ಯಾಂಗ ಓಡತೈತಿ ನೋಡ್ರಿ!" ಸಾಹುಕಾರರು ಗೆಳೆಯನ ತೊಡೆ ತಟ್ಟಿದರು. ಗಡ್ಡದವರು ಹೂಂಗುಟ್ಟಿದರು.

ರೋಣದಲ್ಲಿ ಅವರಿಬ್ಬರೂ ಶರಬತ್ತಿಗೆ ಇಳಿದದ್ದೇ ತಡ, ದ್ಯಾವಪ್ಪ ಬಾನೆಟ್ಟು ಎತ್ತಿದ. ಫಕೀರವ್ವ ತನ್ನ ಮಜ್ಜಿಗೆ ಗಡಿಗೆಗೆ ಸುತ್ತುವಂತೆಯೇ ಪೆಟ್ರೋಲಿನ ನಳಿಗೆಗೆ ಹಸಿ ಗೋಣಿತಟ್ಟು ಸುತ್ತಿದ್ದಳು! ಅವನ ತಲೆಯಲ್ಲಿ ದೀಪ ಹತ್ತಿತು. ಕಾದ ಇಂಜಿನ್ನಿಗೆ ಒತ್ತಿಕೊಂಡಿದ್ದ ನಳಿಗೆಯೊಳಗೆ ಪೆಟ್ರೋಲು ಕುದ್ದು ಆವಿಯಾಗುತ್ತಿತ್ತು, ಗಾಡಿಗೆ ಕುಡಿಯಲು ಏನೂ ಸಿಗುತ್ತಿರಲಿಲ್ಲ. ಇಷ್ಟೇ ರೋಗ!

ಕುಣಿದಾಡುವಷ್ಟು ಸಂತೋಷವಾಯಿತು. ಮರುಗಳಿಗೆಯೇ ಅದು ಇಳಿದುಹೋಯಿತು. ಇದನ್ನು ಹೇಳಿದರೆ ಸಾಹುಕಾರರು ಬಿಟ್ಟಾರೆಯೇ? 'ಒಂದು ಹಸಿ ತಟ್ಟಿನ ಸಲುವಾಗಿ ಇಡೀ ಬ್ಯಾಸಿಗಿ ಗಿಡದ ಬುಡಕ ಮಲಗಿದ್ಯೇನಲೇ' ಎಂದು ಒದ್ದು ಓಡಿಸುತ್ತಾರೆ. ಅತ್ತಿತ್ತ ನೋಡಿ, ತಟ್ಟನ್ನು ಕಿತ್ತು ಗಟಾರಕ್ಕೆ ಎಸೆದ.

ರೋಣ ದಾಟಿದರೆ ಬರೀ ಎರೆಭೂಮಿ, ಒಂದು ಗಿಡದ ನೆರಳಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಲಾರಿ ಬಿಕ್ಕಿತು. ಕೆಮ್ಮಿತು. ನಿಂತಿತು.

"ನಿಂತ್ರೀ ಸಾವ್ಕಾರ್ರ! ನಿಂತಽ ಬಿಡ್ತು ನೋಡ್ರೀ!" ದ್ಯಾವಪ್ಪ ಕೆಳಗೆ ಜಿಗಿದು, ಗಂಡುಮಗು ಹುಟ್ಟಿದವನಂತೆ ಕೂಗಿದ.

ಮೆಹಬೂಬಸುಭಾನಿ ಮೆಲ್ಲಗೆ ಇಳಿದು ಅಂಗಿಯ ಧೂಳು ಝಾಡಿಸಿದರು.

"ಕಳಕಪ್ಪಣ್ಣಾರ, ರೋಣದ ತನಕ ನಾ ಈ ಗಾಡಿ ಖರೀದಿ ಮಾಡಿಽ ಬಿಟ್ಟಿದ್ದೆ. ಡ್ರೈವರೂ ಮನಸಿಗಿ ಬಂದಿದ್ದ. ಗಾಡಿ ಜೋಡಿ ಅವನ್ನೂ ಹೆಚ್ಚಿನ ಪಗಾರ ಕೊಟ್ಟು ಇಟ್ಕೋಬೇಕಂತ ಮಾಡಿದ್ದೆ. ಇನ್ನ ಬ್ಯಾಡ್ರಿ."

ದ್ಯಾವಪ್ಪ ಓಡಿಬಂದು ಅವರಿಗೆ ಅಡ್ಡ ನಿಂತ. "ಯಜಮಾನ್ರ, ನಿಲ್ರಿ! ಒಂದು ಹಸಿ ತಟ್ಟು ಕಟ್ಟಿದ್ರ ಓಡತೈತ್ರಿ!"

"ಜ್ವರ ಬಂದವ್ರಿಗೆ ಹಸಿ ಬಟ್ಟಿ ಹಾಕ್ತಾರಪ್ಪಾ, ಲಾರಿಗಲ್ಲ" ಎಂದು ಅವರು ಹಿಂದಿನಿಂದ ಬಂದ ಚಕ್ಕಡಿ ಹತ್ತಿ ನರಗುಂದದ ಹಾದಿ ಹಿಡಿದರು.

ಚಕ್ಕಡಿ ಮರೆಯಾದ ಮೇಲೆ ಸಾಹುಕಾರರು ಇತ್ತ ತಿರುಗಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ ದ್ಯಾವಪ್ಪನ ಹೆಗಲ ಮೇಲೆ ಕೈಯಿಟ್ಟರು.

"ನಂದಽ ತಪ್ಪಾತು ದ್ಯಾವಪ್ಪ. ನಿನ್ನ ಕಳ್ಳ ಅಂದೆ. ರೋಗ ಗಾಡಿಗಽ ಇತ್ತು. ಇನ್ನ ಇದನ್ನ ಮೂಲಿಗಿ ಹಚ್ಚಿ, ಮಾಲಿಗೆ ಚಕ್ಕಡಿ ಹೂಡ್ತೀನಿ."

"ಮತ್ತ ನಾನ್ರೀ?"

"ಹುಚ್ಚಪ್ಪಾ, ನಿನ್ನಂಥಾ ಸತ್ಯವಂತನ್ನ ಕೈ ಬಿಡ್ತೀನೇನು?" ಸಾಹುಕಾರರು ಅವನ ಹೆಗಲು ತಟ್ಟಿದರು. "ನಾಳಿ ಮುಂಜಾನೆ ಲಗೂ ಬಾ. ಹೊಲದಾಗ ಕರಕಿ ಹುಲ್ಲು ಕಡಿಯೂದೈತಿ."