ಬೇವಿನ ದಿಮ್ಮಿ ಮತ್ತು ಎರಡು ಹಿಡಿಯ ಗರಗಸ

ಯಾವ ವಸ್ತುವನ್ನೂ ಅದು ಕೆಡುವ ಮೊದಲೇ ನೆಟ್ಟಗೆ ಮಾಡಿ ಇಡಬೇಕೆಂಬುದು ನನ್ನ ಚಟ. ಬಹುಕಾಲ ಡ್ರಿಲ್ ಮಾಸ್ತರನಾಗಿ ಹುಡುಗರನ್ನು ಸಾಲಾಗಿ ನಿಲ್ಲಿಸಿದವನು ನಾನು. ಪೆನ್ಶನ್ ಆದ ಮೇಲೆ ನಿಲ್ಲಿಸಲು ಮನೆಯ ತಂಬಿಗೆಗಳಷ್ಟೇ ಉಳಿದವು. ಅವು ಹುಡುಗರಿಗಿಂತ ಚೆನ್ನಾಗಿ ಹೇಳಿದ ಮಾತು ಕೇಳುತ್ತವೆ, ನಿಜ. ಆದರೆ ತಿದ್ದುವ ಸುಖವಿಲ್ಲ. ಅಂಥ ಹೊತ್ತಿನಲ್ಲಿ ಮನೆಗೆ ಗರಗಸ ಬಂತು.

ನಮ್ಮ ರೋಣದ ಕಡೆ ಒಲೆಗೆ ಹೆಚ್ಚಾಗಿ ಹತ್ತಿಕಟ್ಟಿಗೆಯೇ. ಆ ವರ್ಷ ಹಿತ್ತಲಿನ ಹಳೆಯ ಬೇವಿನ ಮರ ಗಾಳಿಗೆ ಉರುಳಿದ್ದರಿಂದ, ಅದನ್ನು ಸ್ನಾನಕ್ಕೆ ನೀರು ಕಾಯಿಸುವ ನೀರೊಲೆಗೆ ತುಂಡು ಮಾಡಲು ಇಬ್ಬರು ಎದುರುಬದುರು ಕೂತು ಎಳೆಯುವ ಗರಗಸ ತಂದೆ. ಒಂದು ಹಿಡಿ ನನಗೆ, ಇನ್ನೊಂದು ನನ್ನ ಹೆಂಡತಿ ನೀಲವ್ವನಿಗೆ. ದಿನದ ಕಟ್ಟಿಗೆ ಅಂದೇ ಬೆಳಿಗ್ಗೆ ಕೊಯ್ಯಬೇಕೆಂಬುದು ನನ್ನ ನಿಯಮ. ಹಲ್ಲು ಸವೆದಂತೆ ಎಳೆತ ಬಿಗಿಯಾಯಿತು. ನೀಲವ್ವನ ಹಣೆಯಲ್ಲಿ ಬೆವರು ಕಂಡಿತು. ಅವಳ ರಟ್ಟೆ ನೋಯಬಾರದೆಂದು, ಹಲ್ಲನ್ನು ಸದಾ ಹರಿತವಾಗಿಡುವ ಅನುಕೂಲದ ದಾರಿ ಹುಡುಕತೊಡಗಿದೆ.

ಮೊದಲು ಗಜೇಂದ್ರಗಡದ ಬಡಿಗೇರನಲ್ಲಿಗೆ ಹೋದೆ. ಗೋಣಿಚೀಲ ಸುತ್ತಿದ್ದರೂ ಗರಗಸ ಬಸ್ಸಿನಲ್ಲಿ ತನ್ನ ಗುರುತು ಮುಚ್ಚಿಡಲಿಲ್ಲ; ಪಕ್ಕದವರೆಲ್ಲ ಸರಿದು ನನಗೆ ಇಡೀ ಬಾಕು ಬಿಟ್ಟುಕೊಟ್ಟರು. ಬಡಿಗೇರ ಹಲ್ಲು ಚೆನ್ನಾಗಿ ತಿದ್ದಿಕೊಟ್ಟ. ಆದರೆ ಪ್ರತಿ ಸಲವೂ ಒಂದು ದಿನ ಹೋಗುತ್ತಿತ್ತು. ಬೀದಿಯಲ್ಲಿ ಚಕ್ರ ತಿರುಗಿಸುತ್ತ ಬರುವ ಸಾಣೆಯವನು, ಈಳಿಗೆ ಇದ್ದರೆ ಕೊಡಿರಿ, ಹಲ್ಲಿನ ಸಹವಾಸ ತನಗೆ ಬೇಡವೆಂದು ಕೈಮುಗಿದ. ಕೊನೆಗೆ ನರಗುಂದದ ಬಜಾರದಿಂದ ಕಬ್ಬಿಣ ಉಜ್ಜುವ ಮೂರುಮೂಲೆಯ ಕಾನಸು ತಂದೆ. ಮುಂದಕ್ಕಷ್ಟೇ ತಳ್ಳಬೇಕು, ಒಂದು ಹಲ್ಲು ಬಿಟ್ಟು ಒಂದು ಉಜ್ಜಬೇಕು, ಆಮೇಲೆ ಗರಗಸ ತಿರುಗಿಸಿ ಉಳಿದವನ್ನು ಉಜ್ಜಬೇಕು. ಇದು ಡ್ರಿಲ್ ಅಲ್ಲದೆ ಇನ್ನೇನು? ಪ್ರತಿ ರವಿವಾರ ಕಾನಸು ಹಿಡಿದು ಕೂತೆ. ಬೇವಿನ ದಿಮ್ಮಿ ಸೌತೆಕಾಯಿಯಂತಾಯಿತು.

ಆದರೆ ರವಿವಾರ ಹರಿತವಾದ ಹಲ್ಲು ಮಂಗಳವಾರಕ್ಕೇ ಸೋಲತೊಡಗಿತು. ಕಾನಸನ್ನು ಬೈದೆ, ಬೇವನ್ನು ಬೈದೆ. ಒಂದು ದಿನ ಪೂಜೆಗೆ ಕೂಡುವ ಮೊದಲೇ ಹಿತ್ತಲಿಗೆ ಹೋದರೆ, ನೀಲವ್ವ ದಿಮ್ಮಿಗೆ ನೀರು ಚಿಮುಕಿಸಿ, ಗಾರೆಗೆಂದು ತರಿಸಿ ಮೂಲೆಯಲ್ಲಿ ಉಳಿದಿದ್ದ ಉಸುಕಿನ ಗುಡ್ಡೆಯಲ್ಲಿ ಉರುಳಾಡಿಸುತ್ತಿದ್ದಳು.

"ಏನ್ ಮಾಡಾಕತ್ತಿ? ಉಸುಕು ಹತ್ತಿದ್ರ ಹಲ್ಲು ಉಳೀತಾವೇನು?" ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ಹರಿತ ಆದಾಗಿಂದ ಕೆಲಸ ಭಾಳ ಲಗೂ ಮುಗೀತೈತ್ರಿ."

"ಮುಗದ್ರ ಚಲೋ ಅಲ್ಲೇನು?"

"ಮುಗದ ಕೂಡ್ಲೇ ನೀವು ಪಡಸಾಲಿಗೆ, ನಾ ಅಡಿಗಿಮನಿಗೆ. ಮತ್ತ ನಿಮ್ಮ ಎದುರಿಗೆ ಬರೂದು ಊಟಕ್ಕ ನೀಡುವಾಗ. ಆವಾಗ ನೀವು ತಾಟ ನೋಡ್ತೀರಿ."

ಮನೆಯಲ್ಲಿ ಹಿರಿಯರಿದ್ದಾಗ ಗಂಡಹೆಂಡತಿ ಹಗಲುಹೊತ್ತು ಎದುರುಬದುರು ಕೂತು ಹರಟುವ ರೂಢಿ ನಮ್ಮಲ್ಲಿಲ್ಲ. ನನ್ನ ಅವ್ವ ಪಡಸಾಲೆಯಲ್ಲೇ ಇರುತ್ತಾಳೆ. ಆದರೆ ಗರಗಸ ಎದುರುಬದುರು ಕೂಡದೆ ನಡೆಯುವುದಿಲ್ಲ. ಅದನ್ನು ಯಾರೂ ತಪ್ಪೆನ್ನುವಂತಿಲ್ಲ. ಜಕ್ಕಲಿಯ ತಂಗಿಯ ಸುದ್ದಿ, ಈದ ಎಮ್ಮೆಯ ಮುನಿಸು, ಎಲ್ಲವನ್ನೂ ನೀಲವ್ವ ನನಗೆ ಅಲ್ಲಿಯೇ ಹೇಳುತ್ತಿದ್ದಳಂತೆ. ನನಗೆ ಒಂದೂ ನೆನಪಾಗಲಿಲ್ಲ. ಎಳೆತ ತಪ್ಪದಿರಲೆಂದು ನಾನು ಬಾಯಲ್ಲಿ ಒಂದು-ಎರಡು ಎಣಿಸುತ್ತಿದ್ದೆ.

ನಮಗೆ ಕೇಳಿಸದಂತೆ ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಸೊಸೆಯನ್ನು ಗದರಿಸುತ್ತಾಳೇನೋ ಅಂದುಕೊಂಡೆ. ನನ್ನತ್ತ ತಿರುಗಿ ಹೇಳಿದಳು: "ತಮ್ಮಾ, ಗರಗಸ ಮೊಂಡ ಆದ್ರ ಕಾನಸ ಐತಿ. ನೀನ ಮೊಂಡ ಆದ್ರ ಅಕಿ ಏನ್ ತಂದು ತಿಕ್ಕಬೇಕು?"

ರವಿವಾರದ ಕಾನಸನ್ನು ನಾನು ಬಿಟ್ಟಿಲ್ಲ. ನೀಲವ್ವನ ರಟ್ಟೆ ನನಗೆ ಬೇಕು. ಉಸುಕಿನ ಗುಡ್ಡೆಯನ್ನು ಮಾತ್ರ ಹಿತ್ತಲಿನಿಂದ ಆಚೆ ಹಾಕಿಸಿದೆ. ನೀರೊಲೆಗೆ ಮೊಳದುದ್ದದ ತುಂಡು ಸಾಕು. ನಾವು ಗೇಣುದ್ದ ಕೊಯ್ಯುತ್ತೇವೆ; ಕೊಯ್ತ ಇಮ್ಮಡಿಯಾಗುತ್ತದೆ, ಎದುರುಬದುರು ಕೂಡುವ ಹೊತ್ತೂ. ಮೊನ್ನೆ ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿ, ಇಷ್ಟು ಸಣ್ಣ ತುಂಡು ಯಾಕ್ರಿ ಮಾಸ್ತರ ಎಂದು ಕೇಳಿದರು. "ಶಿಸ್ತುರಿ" ಎಂದೆ, ಮುಖ ಬಿಗಿದುಕೊಂಡು. ಆಚೆ ತುದಿಯಲ್ಲಿ ನೀಲವ್ವ ನಗು ತಡೆಯಲಾರದೆ ಹಿಡಿಯನ್ನೇ ಬಿಟ್ಟುಬಿಟ್ಟಳು. ನಾನೂ ಬಿಟ್ಟೆ. ಆ ದಿನ ದಿಮ್ಮಿ ಅರ್ಧ ಕೊಯ್ದಲ್ಲೇ ನಿಂತಿತು. ಮನೆಯವರೆಲ್ಲ ತಣ್ಣೀರಲ್ಲಿ ಮಿಂದೆವು.